ಪಾರಿವಾಳದ ಗೋಪುರಕ್ಕೊಂದು ಏಣಿ

ಮರದ ವಿಭಾಗ ಈ ವರ್ಷದ ಕೊನೆಗೆ ಖಲಾಸ್ ಎಂದು ಮುದೀರ್ ಹೇಳಿದ ವಾರದಲ್ಲೇ ಅವರ ತಂದೆ ಫೋನಿನಲ್ಲಿ ಒಂದು ಫೋಟೊ ತೆರೆದುಕೊಂಡು ನಮ್ಮ ವರ್ಕ್‌ಶಾಪಿಗೆ ಬಂದರು. ಮುದೀರ್ ಎಂದರೆ ಕಂಪನಿ ನಡೆಸುವ ಮಗ. ತಂದೆ ಅದನ್ನು ಕಟ್ಟಿದವರು. ನಾವೆಲ್ಲ ಅವರನ್ನು ಅರ್ಬಾಬ್, ಅಂದರೆ ಯಜಮಾನರು, ಎನ್ನುತ್ತೇವೆ. ಕುವೈತಿನ ಶುವೈಖ್‌ನ ಕೈಗಾರಿಕಾ ಬೀದಿಯಲ್ಲಿರುವ ನಮ್ಮ ಶೆಡ್ಡಿನ ಮುಕ್ಕಾಲು ಭಾಗದಲ್ಲಿ ಅಲ್ಯೂಮಿನಿಯಂ ಕಿಟಕಿ, ಲ್ಯಾಮಿನೇಟ್ ಅಡುಗೆಮನೆ ತಯಾರಾಗುತ್ತವೆ. ಉಳಿದ ಕಾಲು ಭಾಗ ಮರದ್ದು. ಅಲ್ಲಿ ಒಬ್ಬ ಫೋರ್‌ಮನ್, ನಾಲ್ವರು ಬಡಗಿಗಳು. ನಾನು ಇಡೀ ಶೆಡ್ಡಿನ ಪ್ರೊಡಕ್ಷನ್ ಎಂಜಿನಿಯರ್. ವಿಭಾಗ ಮುಚ್ಚಿದರೆ ನನ್ನ ಕೆಲಸಕ್ಕೇನೂ ಆಗುತ್ತಿರಲಿಲ್ಲ. ಆ ಐವರ ಇಕಾಮಾ ಎಂಬ ವಾಸದ ಪರವಾನಗಿ ಮಾತ್ರ ನವೀಕರಣವಾಗದೆ ಅವರು ಊರಿಗೆ ಹೊರಡಬೇಕಾಗುತ್ತಿತ್ತು. ಅದನ್ನು ಅವರಿಗೆ ತಿಳಿಸುವ ಕೆಲಸವನ್ನು ಮುದೀರ್ ನನಗೆ ವಹಿಸಿದ್ದರು. ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಸಿಕ್ಕಿದೆನೇ ಎಂದು ಬೈದುಕೊಳ್ಳುತ್ತ, ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತಿದ್ದೆ.

ಫೋಟೊದಲ್ಲಿ ಇದ್ದದ್ದು ದುಂಡನೆಯ ಕಲ್ಲಿನ ಗೋಪುರ. ಅರ್ಬಾಬ್ ಕೆಲವು ವರ್ಷಗಳ ಹಿಂದೆ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಯಾವುದೋ ಹಳೆಯ ಜಮೀನುದಾರರ ಎಸ್ಟೇಟು ಕೊಂಡಿದ್ದರು. ಬಂಗಲೆ ನೋಡಲು ಹೋದವರು ಹಿಂದಿನ ಹುಲ್ಲುಗಾವಲಿನಲ್ಲಿದ್ದ ಈ ಪಾರಿವಾಳದ ಗೋಪುರ ನೋಡಿ, ಬಂಗಲೆಯೊಳಗೆ ಕಾಲಿಡುವ ಮೊದಲೇ ಒಪ್ಪಿಗೆ ಕೊಟ್ಟಿದ್ದರಂತೆ. ಹುಡುಗನಾಗಿದ್ದಾಗ ಅವರು ಹಳೆಯ ಕುವೈತಿನ ಮಣ್ಣಿನ ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದವರು. ಅವರ ತಂದೆಗೆ ಬೊಂಬಾಯಿಯಲ್ಲಿ ವ್ಯಾಪಾರವಿತ್ತು. ಆದ್ದರಿಂದ ಅರ್ಬಾಬ್ ನಮ್ಮೊಡನೆ ಮಾತಾಡುವುದು ಹಿಂದಿಯಲ್ಲಿ, ಅದೂ ಮೈಸೂರಿನ ನನ್ನ ಹಿಂದಿ ನಾಚುವಂಥ ಸಲೀಸಾದ ಬೊಂಬಾಯಿ ಹಿಂದಿಯಲ್ಲಿ.

ಎರಡನೆಯ ಫೋಟೊ ಗೋಪುರದ ಒಳಗಿನದು. ಗೋಡೆಯ ಬುಡದಿಂದ ಚಾವಣಿಯವರೆಗೆ ಸುತ್ತಲೂ ಸಾಲು ಸಾಲು ಗೂಡುಗಳು, ಒಂದೊಂದರಲ್ಲೂ ಒಂದು ಜೋಡಿ ಹಕ್ಕಿಗೆ ಜಾಗ. ಹಿಂದಿನ ಕಾಲದಲ್ಲಿ ಜಮೀನುದಾರರು ಮಾಂಸಕ್ಕೂ ಗೊಬ್ಬರಕ್ಕೂ ಹೀಗೆ ಪಾರಿವಾಳ ಸಾಕುತ್ತಿದ್ದರು. ಮರಿಗಳನ್ನು ತೆಗೆಯಲು ಅಷ್ಟೆತ್ತರದ ಗೂಡುಗಳಿಗೆ ಕೈ ಹಾಕುವುದು ಹೇಗೆ? ಇಂಥ ಗೋಪುರಗಳ ನಟ್ಟನಡುವೆ ಒಂದು ದಪ್ಪ ಓಕ್ ಕಂಬ ಇರುತ್ತದೆ. ಅದರಿಂದ ಹೊರಟ ಎರಡು ತೋಳುಗಳ ತುದಿಗೆ ಒಂದು ಏಣಿ, ಗೋಡೆಗೆ ಒಂದು ಗೇಣು ದೂರದಲ್ಲಿ. ಕಂಬ ತಿರುಗಿದರೆ ಏಣಿಯೂ ಗೋಡೆಯುದ್ದಕ್ಕೂ ಸುತ್ತುತ್ತದೆ. ಮೇಲೆ ಹತ್ತಿದವನು ಗೋಡೆಯನ್ನು ಕೈಯಿಂದ ತಳ್ಳಿಕೊಳ್ಳುತ್ತಲೇ ಎಲ್ಲ ಗೂಡುಗಳನ್ನೂ ಮುಟ್ಟಬಹುದು, ಇಳಿಯಬೇಕಾಗಿಲ್ಲ. ಈ ಗೋಪುರದ ಕಂಬವೂ ಏಣಿಯೂ ಯಾವ ಕಾಲಕ್ಕೋ ಕೊಳೆತು ಹೋಗಿದ್ದವು. ಉಳಿದಿದ್ದದ್ದು ಕೆಳಗೆ ಕುಳಿ ಬಿದ್ದ ಒಂದು ಕಲ್ಲು, ಮೇಲೆ ತೊಲೆಯಲ್ಲಿ ಒಂದು ಅರ್ಧಚಂದ್ರದ ಕಚ್ಚು, ಅಷ್ಟೇ.

"ಆ ಕಂಬ, ಆ ಏಣಿ ನೀವು ಮಾಡಬೇಕು ಬೇಟಿ," ಎಂದರು ಅರ್ಬಾಬ್.

ಪಕ್ಕದಲ್ಲಿ ನಿಂತಿದ್ದ ಮುದೀರ್ ಇಂಗ್ಲಿಷಿನಲ್ಲಿ, ಫ್ರಾನ್ಸಿನಲ್ಲಿ ಬಡಗಿಗಳಿಗೆ ಬರವೇ ಎಂದರು. ಅರ್ಬಾಬ್ ಮಗನತ್ತ ನೋಡಲೂ ಇಲ್ಲ. "ನನ್ನ ತಂದೆಯ ಮನೆಯ ಬಾಗಿಲು ಹಿಂದೂಸ್ತಾನದವರು ಮಾಡಿದ್ದು. ಮನೆ ಬಿತ್ತು, ಬಾಗಿಲು ಇನ್ನೂ ಇದೆ," ಎಂದರು. ತಂದೆ ಮಗನ ನಡುವೆ ಅರಬ್ಬಿಯಲ್ಲಿ ಬಿರುಸಾದ ಮಾತು ನಡೆಯಿತು. ಕೊನೆಗೆ ಮುದೀರ್ ನನ್ನತ್ತ ತಿರುಗಿ ಷರತ್ತು ಹೇಳಿದರು: ಅದು ಸಂರಕ್ಷಿತ ಕಟ್ಟಡ, ಅಲ್ಲೊಬ್ಬರು ಆರ್ಕಿಟೆಕ್ಟ್ ಇದ್ದಾರೆ. ಆಕೆ ಒಪ್ಪಬೇಕು, ಗೋಪುರದೊಳಗೆ ನಿಂತ ಏಣಿ ತಿರುಗಬೇಕು. ತಿರುಗಿದರೆ ಮರದ ವಿಭಾಗ ಉಳಿಯುತ್ತದೆ. ಇಲ್ಲವಾದರೆ ಮೊದಲು ಹೇಳಿದ್ದೇ ಕೊನೆ.

ನಾನು ಐವರನ್ನೂ ಕೂರಿಸಿಕೊಂಡು ಎರಡು ಸುದ್ದಿಯನ್ನೂ ಒಟ್ಟಿಗೆ ಹೇಳಿದೆ. ನಾಲ್ವರು ಮುಖಮುಖ ನೋಡಿಕೊಂಡರು. ಫೋರ್‌ಮನ್ ಮಾತ್ರ ಫೋಟೊವನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದರು. ಅವರು ಕಾರ್ಕಳ ಕಡೆಯವರು, ಮನೆಮಾತು ತುಳು, ತಲೆತಲಾಂತರದಿಂದ ಬಡಗಿಗಳು. ನಾನು ಅವರನ್ನು ಆಚಾರ್ರೇ ಎನ್ನುತ್ತೇನೆ. ವಿನಯ ಎನ್ನುವ ಪದಾರ್ಥವನ್ನು ದೇವರು ಹಂಚುವಾಗ ಅವರು ಬೇರೆಲ್ಲೋ ಬಾಗಿಲು ಕೂರಿಸುತ್ತಿದ್ದಿರಬೇಕು.

"ಇದು ಏಣಿ ಅಲ್ಲ ಮೇಡಂ, ಗಾಣ!" ಎಂದರು. "ಎತ್ತಿನ ಬದ್ಲು ಮನುಷ್ಯ ತಿರುಗುದು, ಅಷ್ಟೇ. ಇದಕ್ಕೆ ಎಂತ ಹೆದರುದು ಮಾರಾಯ್ರೇ? ನಾನಿದ್ದೇನಲ್ಲ."

"ನೀವಿದ್ದೀರಿ ಅಂತಲೇ ನನಗೆ ಹೆದರಿಕೆ," ಎಂದೆ.

ಆರ್ಕಿಟೆಕ್ಟ್ ಫೋನಿನಲ್ಲಿ ಕಟ್ಟುನಿಟ್ಟಾಗಿ ಮಾತಾಡುವ ಹೆಂಗಸು. ಓಕ್ ಮರವನ್ನೇ ಬಳಸಬೇಕು, ಅದನ್ನು ಅಲ್ಲಿಂದಲೇ ಕಳಿಸುತ್ತಾರೆ. ಗೋಂದು ಕೂಡದು, ಮೊಳೆ ಕೂಡದು. ಒಂದು ಮರದ ತುದಿಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂತು, ಅಡ್ಡಲಾಗಿ ಮರದ ಗೂಟ ಬಡಿಯಬೇಕು. ನಾನು ಮೆಕ್ಯಾನಿಕಲ್ ಓದಿದವಳು. ಕೆಳಗೆ ಒಂದು ಒಳ್ಳೆಯ ಬೇರಿಂಗ್ ಹಾಕಿಬಿಡೋಣವೇ ಎಂದು ಕೇಳಿದೆ. ಆಕೆ, ಬುಡಕ್ಕೆ ಕಬ್ಬಿಣದ ಮುಳ್ಳು, ಕಲ್ಲಿನ ಕುಳಿ, ಸವರಲು ಕೊಬ್ಬು, ಇಷ್ಟೇ ಸಾಕು ಎಂದರು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಓಕ್ ಬಂತು. ಕಂಬಕ್ಕೆಂದು ಒಂದು, ಹೆಚ್ಚಿಗೆ ಒಂದು, ಹೀಗೆ ಎರಡು ದೊಡ್ಡ ದಿಮ್ಮಿಗಳು, ತೋಳು ಮತ್ತು ಏಣಿಗೆ ಬೇಕಾದ ತುಂಡುಗಳು, ಎಲ್ಲವೂ ಪ್ಲಾಸ್ಟಿಕ್ ಸುತ್ತಿ, ತುದಿಗೆ ಮೇಣ ಬಳಿದು. ಒಂದು ದಿಮ್ಮಿಯನ್ನು ಬಿಚ್ಚಿ ಕೆಲಸ ಶುರು ಮಾಡಿದೆವು. ಶೆಡ್ಡಿನ ನೆಲದ ಮೇಲೆ ಗೋಪುರದ ಒಳಸುತ್ತನ್ನು ಸುಣ್ಣದಲ್ಲಿ ಬರೆದೆವು. ಹಳೆಯ ಗೋಪುರ ಎಲ್ಲಿ ಸರಿಯಾಗಿ ದುಂಡಗಿರುತ್ತದೆ? ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಉಬ್ಬಿದ ಕಡೆಗೂ ಏಣಿ ತಾಗದ ಹಾಗೆ ತೋಳಿನ ಉದ್ದ ಕಂಡುಕೊಂಡೆವು. ಆಚಾರ್ರು ಕಂಬವನ್ನು ಎಂಟು ಮೂಲೆಗೆ ಕೆತ್ತಿ, ತಲೆಯನ್ನು ಮಾತ್ರ ದುಂಡಗೆ ಮಾಡಿ, ಆ ದುಂಡು ತಲೆಯನ್ನು ಮೇಲಿನ ತೊಲೆಗೆ ಹಿಡಿಸುವ ಓಕ್ ಬಳೆಯೊಳಗೆ ಕೂರಿಸಿದರು. ಕೂಡಿಕೆ ಎಂದರೆ ಕೂಡಿಕೆ! ಕಾಗದ ತೂರಿಸಲು ಹೋದರೆ ಕಾಗದ ಹರಿಯಿತು. ನೆಲದ ಮೇಲೆ ನಿಲ್ಲಿಸಿ ತಳ್ಳಿದಾಗ ಏಣಿ ಸುಣ್ಣದ ಗೆರೆಯುದ್ದಕ್ಕೂ ಸದ್ದಿಲ್ಲದೆ ಸುತ್ತಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಚಾರ್ರು ಬಡಗಿಗಳಿಗೆ ಚಹಾ ತರಿಸಿದರು. ನಾನು ಹೆಮ್ಮೆಯಿಂದ ವಿಡಿಯೊ ತೆಗೆದು ಫ್ರಾನ್ಸಿಗೆ ಕಳಿಸಿದೆ.

ಆಕೆ ಹೊಗಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಮರದಲ್ಲಿ ಈಗ ತೇವ ಎಷ್ಟಿದೆ?

ಮೀಟರ್ ಚುಚ್ಚಿ ನೋಡಿದೆ. ಆರು ಶೇಕಡಾ. ಹೇಳಿದೆ. ಅತ್ತ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿತು. ನಮ್ಮ ಗೋಪುರದಲ್ಲಿ ಓಕ್ ಹದಿನೈದರ ಆಸುಪಾಸಿನಲ್ಲಿ ಇರುತ್ತದೆ ಎಂದರು. ನಿಮ್ಮ ಕಂಬ ಇಲ್ಲಿಗೆ ಬಂದರೆ ನೀರು ಹೀರಿ ಊದಿಕೊಳ್ಳುತ್ತದೆ. ನಾಲಿಗೆ ಊದಿ ತೂತು ಸೀಳುತ್ತದೆ. ದುಂಡು ತಲೆ ಊದಿ ಬಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಮಳೆಗೇ ಏಣಿ ನಿಂತುಬಿಡುತ್ತದೆ, ಇದನ್ನು ನಾನು ಒಪ್ಪಲಾರೆ.

ಕುವೈತಿನಲ್ಲಿ ವರ್ಷಗಟ್ಟಲೆ ಮರಗೆಲಸ ಮಾಡಿದವರಷ್ಟೇ ಮಾಡುವ ತಪ್ಪು ಅದು. ಇಲ್ಲಿ ಹೊರಗೆ ಒಣ ಬಿಸಿಲು, ಒಳಗೆ ಹಗಲಿರುಳೂ ಎಸಿ. ಮರ ಒಣಗುತ್ತದೆಯೇ ಹೊರತು ಊದುವ ಪ್ರಶ್ನೆಯೇ ಇಲ್ಲ. ಇಲ್ಲಿ ಒಳ್ಳೆಯ ಬಡಗಿ ಎಂದರೆ ಬಿಗಿಯಾಗಿ ಕೂರಿಸುವವನು. ಊರಿನಲ್ಲಿ ಆಷಾಢದ ಬಾಗಿಲಿಗೆ ಜಾಗ ಬಿಟ್ಟು ಕೆತ್ತುತ್ತಿದ್ದ ಕೈಗಳು ಅದನ್ನು ಎಂದೋ ಮರೆತಿದ್ದವು. ಮಾರನೆಯ ವಾರ ಆ ಕಂಬ ಉದ್ದಕ್ಕೂ ಸೀಳಿ, ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಆರ್ಕಿಟೆಕ್ಟ್ ತಿರಸ್ಕರಿಸದಿದ್ದರೂ ಅದು ಉಳಿಯುತ್ತಿರಲಿಲ್ಲ.

ಆಚಾರ್ರಿಗೆ ಸಿಟ್ಟು. ಮರದ ಮೇಲೆ, ಆಕೆಯ ಮೇಲೆ, ದೇಶದ ಮೇಲೆ. "ಎಂತ ದೇಶ ಮೇಡಂ ಇದು! ನಮ್ಮಲ್ಲಿ ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲೇ ನೀರು ಆಗ್ತದೆ. ಬಾಗಿಲು ಹಾಕಿದ್ರೆ ತೆಗಿಲಿಕ್ಕೆ ಭಟ್ರನ್ನೇ ಕರೀಬೇಕು. ಇಲ್ಲಿ ಉಪ್ಪು ಮರಳಿನ ಹಾಗೆ ಇರ್ತದೆ. ಉಪ್ಪೇ ಒಣಗಿದ ಊರಲ್ಲಿ ಓಕ್ ಎಂತ ಮಾಡ್ತದೆ ಪಾಪ!"

"ಏನಂದ್ರಿ?"

"ಎಂತ?"

"ಉಪ್ಪು ಅಂದ್ರಲ್ಲ!"

ಹಳೆಯ ಕೆಲಸದಲ್ಲಿ ನಾನು ಗಾಳಿಯ ತೇವ ಅಳೆಯುವ ಉಪಕರಣಗಳನ್ನು ತಾಳೆ ನೋಡುತ್ತಿದ್ದೆ. ಅದಕ್ಕೊಂದು ಸುಲಭ ಉಪಾಯವಿದೆ. ಮುಚ್ಚಿದ ಡಬ್ಬಿಯಲ್ಲಿ ಅಡುಗೆ ಉಪ್ಪನ್ನು ನೀರಿನಲ್ಲಿ ಗಂಜಿಯ ಹಾಗೆ ಕಲಸಿ ಇಟ್ಟರೆ ಒಳಗಿನ ಗಾಳಿಯ ತೇವ ಶೇಕಡಾ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಕಡಿಮೆಯಾದರೆ ಉಪ್ಪಿನ ಗಂಜಿ ನೀರು ಬಿಡುತ್ತದೆ, ಹೆಚ್ಚಾದರೆ ಹೀರುತ್ತದೆ. ಡಬ್ಬಿ ಚಿಕ್ಕದೋ ದೊಡ್ಡದೋ, ಉಪ್ಪಿಗೆ ಭೇದವಿಲ್ಲ. ಅಂಥ ಗಾಳಿಯಲ್ಲಿ ಮರ ಹದಿನಾಲ್ಕರ ಹತ್ತಿರ ನಿಲ್ಲುತ್ತದೆ. ಅಂದರೆ ಶುವೈಖ್‌ನಲ್ಲೇ ಒಂದು ಫ್ರಾನ್ಸಿನ ಹವೆ ಮಾಡಿಕೊಳ್ಳಬಹುದು, ದೊಡ್ಡದೊಂದು ಡಬ್ಬಿ ಬೇಕು ಅಷ್ಟೇ.

ಎರಡನೆಯ ದಿಮ್ಮಿ ಇನ್ನೂ ಪ್ಲಾಸ್ಟಿಕ್ಕಿನೊಳಗೆ ನೆರಳಿನಲ್ಲಿ ಮಲಗಿತ್ತು. ಮರದ ವಿಭಾಗದ ಒಂದು ಮೂಲೆಯಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ದಪ್ಪ ಪಾಲಿಥೀನಿನ ಡೇರೆ ಕಟ್ಟಿ, ಮೊದಲು ಮಾಡಿದ ತೋಳು, ಏಣಿ, ಬಳೆಗಳನ್ನೂ ತೇವ ಹೀರಲೆಂದು ಒಳಗಿಟ್ಟೆವು. ಆ ಮೂಲೆಯ ಎಸಿ ಬಾಯಿಗಳಿಗೆ ಅಡ್ಡ ಹಲಗೆ ಹೊಡೆದೆವು. ಕೆಲಸ ನಡೆಯುವಾಗ ನೀರಿನ ಕೂಲರ್ ಓಡುತ್ತದೆ. ಕೆಲಸ ಮುಗಿದ ಮೇಲೆ ಡೇರೆ ಮುಚ್ಚಿ, ಕೆಳಗೆ ಉಪ್ಪಿನ ಗಂಜಿಯ ತಟ್ಟೆಗಳು. ಸೂಪರ್‌ಮಾರ್ಕೆಟ್ಟಿನಿಂದ ಒಂದು ತಳ್ಳುಗಾಡಿಯ ತುಂಬ ಉಪ್ಪಿನ ಪೊಟ್ಟಣ ತಂದಾಗ ಕೌಂಟರಿನವನು ನನ್ನ ಮುಖವನ್ನೇ ನೋಡಿದ. ಆಚಾರ್ರು ತಟ್ಟೆಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮರಕ್ಕೆ ಉಪ್ಪಿನಕಾಯಿ ಹಾಕ್ತೀರಾ ಮೇಡಂ? ಮೆಣಸಿನ ಪುಡಿ ನಾನು ತರ್ಲಾ?"

"ಮೊದಲು ಕಂಬ ಮಾಡಿ. ಆಮೇಲೆ ನೆಂಚಿಕೊಳ್ಳೋಣ."

ಜೂನ್ ತಿಂಗಳಲ್ಲಿ ಕುವೈತಿನ ಶೆಡ್ಡಿನೊಳಗೆ ಎಸಿ ಇಲ್ಲದ, ತೇವ ತುಂಬಿದ ಡೇರೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಕನ್ನಡಕ ಮಂಜಾಗುತ್ತಿತ್ತು. ಬಟ್ಟೆ ಮೈಗೆ ಅಂಟುತ್ತಿತ್ತು. ಪಾಳಿಯ ಮೇಲೆ ಇಬ್ಬಿಬ್ಬರು ಒಳಗೆ ಹೋಗುವುದು, ಸ್ವಲ್ಪ ಹೊತ್ತು ಕೆತ್ತುವುದು, ಹೊರಗೆ ಬಂದು ಮಜ್ಜಿಗೆ ಕುಡಿದು ಗಾಳಿಗೆ ಕೂರುವುದು. ಇನ್ನೊಂದು ಕಡೆಯ ಅಲ್ಯೂಮಿನಿಯಂ ಹುಡುಗರು ನಮ್ಮನ್ನು ಹಮಾಮ್ ಎಂದು ಕರೆಯತೊಡಗಿದರು; ಸ್ನಾನದ ಮನೆ ಎಂದರ್ಥ. ಒಳಗಿದ್ದವರಿಗೆ ಮಾತ್ರ ವಿಚಿತ್ರವಾದ ಹುರುಪು. ಆಚಾರ್ರು ಬನಿಯನ್ನಿನಲ್ಲಿ ನಿಂತು ಕೀಸುಳಿ ಹೊಡೆಯುತ್ತ, "ಸಾವು ಸೆಖೆ! ಆದ್ರೆ ಊರಿನದ್ದೇ ಸೆಖೆ ಮೇಡಂ, ಒಳ್ಳೆ ಸೆಖೆ," ಎನ್ನುತ್ತಿದ್ದರು. ಅವರ ಕೈ ನಿಧಾನವಾಗಿ ಬೇರೆಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ತೇವದ ಮರದ ಮೇಲೆ ಉಳಿ ಬೇರೆ ಥರ ಓಡುತ್ತದೆ.

ಮುದೀರ್ ಒಮ್ಮೆ ಡೇರೆಯೊಳಗೆ ತಲೆ ಹಾಕಿ ತಕ್ಷಣ ಹಿಂದೆ ತೆಗೆದರು. "ಮೇಡಂ, ನಾವು ಈ ದೇಶದಲ್ಲಿ ಇಷ್ಟು ವರ್ಷ ಇದರಿಂದ ತಪ್ಪಿಸಿಕೊಳ್ಳಲು ಖರ್ಚು ಮಾಡಿದ್ದೇವೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು.

ಕಂಬ ಮುಕ್ಕಾಲು ಮುಗಿದಿದ್ದಾಗ ಆ ಶುಕ್ರವಾರ ಬಂತು. ರಜೆಯ ದಿನ. ಅರ್ಬಾಬ್ ತಮ್ಮ ದಿವಾನಿಯಾದ, ಅಂದರೆ ಮನೆಯ ಹರಟೆಯ ಚಾವಡಿಯ, ಗೆಳೆಯರಿಬ್ಬರನ್ನು ಕರೆದುಕೊಂಡು, ತಮ್ಮ ಗೋಪುರದ ಕಂಬ ತೋರಿಸಲು ಬಂದರಂತೆ. ಶೆಡ್ಡಿನ ಹಿಂದೆಯೇ ವಾಸವಾಗಿರುವ ಆಚಾರ್ರು ಬಾಗಿಲು ತೆಗೆದರು. ಮಾಲೀಕರು ಅತಿಥಿಗಳನ್ನು ಕರೆತಂದಿದ್ದಾರೆ, ವಯಸ್ಸಾದವರು, ಬೆವರುತ್ತಿದ್ದಾರೆ. ಕಾರ್ಕಳದವರಿಗಾಗಲಿ ಕುವೈತಿನವರಿಗಾಗಲಿ ಮನೆಗೆ ಬಂದವರನ್ನು ಬೆವರಲು ಬಿಡುವುದು ಗೊತ್ತಿಲ್ಲ. ಆಚಾರ್ರು ಅಡ್ಡ ಹಲಗೆ ತೆಗೆದು, ಡೇರೆಯ ಪರದೆ ಎತ್ತಿ ಕಟ್ಟಿ, ಎಸಿ ಪೂರ್ತಿ ಹಾಕಿ, ಕಂಬದ ಸುತ್ತ ಕುರ್ಚಿ ಇಟ್ಟರು. ಮಧ್ಯಾಹ್ನವಿಡೀ ಏಲಕ್ಕಿ ಕಾಫಿ, ಖರ್ಜೂರ, ಪಾರಿವಾಳದ ಮಾತು. ಅವರು ಹೋದ ಮೇಲೂ ಇನ್ನೊಮ್ಮೆ ಬರಬಹುದೆಂದು ಎಸಿ ಆರಿಸಲಿಲ್ಲ.

ಶನಿವಾರದ ರಜೆಯೂ ಕಳೆದು ಭಾನುವಾರ ಬಂದು ನೋಡಿದರೆ ಕಂಬದ ಒಂದು ಮೈಯಲ್ಲಿ ಕೂದಲೆಳೆಯಂಥ ಬಿರುಕು.

ನನ್ನ ತಲೆ ಬಿಸಿಯಾಯಿತು. "ಆಚಾರ್ರೇ, ಏನ್ರೀ ಇದು? ಯಾರ ಅನ್ನಕ್ಕೆ ಕಲ್ಲು ಹಾಕ್ಕೊಂಡ್ರಿ ಗೊತ್ತಾ? ನಿಮ್ಮದಕ್ಕೇ! ಇನ್ನು ಮೂರನೇ ದಿಮ್ಮಿ ಎಲ್ಲಿಂದ ತರಲಿ?"

ಅವರು ಬಿರುಕಿನ ಮೇಲೆ ಉಗುರು ಎಳೆಯುತ್ತ, "ಮಾಲೀಕರಿಗೆ ಹೇಗೆ ಹೇಳುದು ಮೇಡಂ, ಇಲ್ಲಿ ಕೂರ್ಬೇಡಿ ಅಂತ? ನಿಮ್ಮಿಂದ ಆಗ್ತದಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಮೇಣಕ್ಕೆ ಓಕ್ ಪುಡಿ ಕಲಸಿ ತುಂಬಿಸಿದ್ರೆ ಆಯ್ತು. ದೇವರಿಗೂ ಗೊತ್ತಾಗ್ಲಿಕ್ಕಿಲ್ಲ," ಎಂದರು.

ನಾನು ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಬಿರುಕು ಮುಚ್ಚಿ ಕಳಿಸಿದರೆ ಬಹುಶಃ ಆಕೆಗೆ ತಿಳಿಯುತ್ತಿರಲಿಲ್ಲ. ಆದರೆ ಅದು ಎಷ್ಟು ಆಳವೋ ನನಗೂ ತಿಳಿದಿರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ಆ ಏಣಿ ಹತ್ತುತ್ತಾನೆ. ಹೇಳಿದರೆ ಕೆಲಸ ಇಲ್ಲಿಗೇ ನಿಲ್ಲಬಹುದು, ಐವರೂ ಮನೆಗೆ ಹೋಗಬಹುದು. ಕೊನೆಗೆ ಒಳಗೆ ಬಂದು, ತೆಳು ಉಕ್ಕಿನ ಪಟ್ಟಿಗಳಿಂದ ಬಿರುಕಿನುದ್ದಕ್ಕೂ ಆಳ ಅಳೆದು, ಫೋಟೊಗಳೊಂದಿಗೆ ಎಲ್ಲವನ್ನೂ ಆರ್ಕಿಟೆಕ್ಟ್‌ಗೆ ಬರೆದೆ. ಶುಕ್ರವಾರದ ಕಾಫಿಯನ್ನೂ ಬಿಡಲಿಲ್ಲ.

ಮಾರನೆಯ ದಿನ ಆಕೆಯೇ ಕರೆ ಮಾಡಿದರು. ಆ ದನಿಯಲ್ಲಿ ಮೊದಲ ಸಲ ನಗು ಇತ್ತು. ಬಿರುಕಿಲ್ಲದ ಓಕ್ ಕಂಬವನ್ನು ನಾನು ನೋಡಿಲ್ಲ ಎಂದರು. ಇಷ್ಟು ಆಳದ್ದು ಮೈಮೇಲಿನದು, ತೇವ ವಾಪಸ್ಸು ಬಂದರೆ ಅರ್ಧ ಮುಚ್ಚಿಕೊಳ್ಳುತ್ತದೆ. ತೋಳಿನ ತೂತು ಆ ಮೈಯಲ್ಲಿ ಬರದಿರಲಿ, ಮತ್ತೆ ಒಣಗಲು ಬಿಡಬೇಡಿ. ಮೇಣ ತುಂಬಿದ್ದರೆ ನಾನು ಖಂಡಿತ ವಾಪಸ್ಸು ಕಳಿಸುತ್ತಿದ್ದೆ, ಅದನ್ನೇ ಮೊದಲು ಹುಡುಕುತ್ತೇನೆ ಎಂದೂ ಸೇರಿಸಿದರು. ನಾನು ಅದನ್ನು ಆಚಾರ್ರಿಗೆ ಅಕ್ಷರಶಃ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕಂಬವನ್ನು ತಿರುಗಿಸಿ, ತೋಳುಗಳ ಗುರುತನ್ನು ಇನ್ನೊಂದು ಮೈಗೆ ಹಾಕಿಕೊಂಡೆವು.

ಉಳಿದದ್ದು ಅರ್ಬಾಬ್. ಅವರ ದಿವಾನಿಯಾಕ್ಕೇ ಹೋಗಿ, ಬಾಗಿಲಲ್ಲಿ ನಿಂತು, ನನ್ನ ಮೈಸೂರಿನ ಹಿಂದಿಯಲ್ಲಿ ಹೇಳಿದೆ: ದಯವಿಟ್ಟು ಇನ್ನು ಡೇರೆಯೊಳಗೆ ಎಸಿ ಹಾಕಿಸಿಕೊಂಡು ಕೂರಬೇಡಿ. ಕಂಬ ಒಡೆಯುತ್ತದೆ. ಒಡೆದರೆ ಆ ಐವರ ಬದುಕೂ ಹೋಗುತ್ತದೆ. ಅವರ ಶೆಡ್ಡು, ಅವರ ಕಂಬ, ಅವರ ಎಸಿ, ನಾನು ಸಂಬಳದವಳು. ಅವರ ಕೈಯ ಜಪಮಣಿ ನಿಂತಿತು. ಚಹಾ ತರಿಸಿದರು, ನಾನು ಕುಡಿದು ಎದ್ದು ಬಂದೆ. ಮನೆಗೆ ಹೋಗಿ ಗಂಡನಿಗೆ, ನನ್ನ ಇಕಾಮಾವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದೆ.

ಮುಂದಿನ ಶುಕ್ರವಾರ ಆಚಾರ್ರ ಫೋನು. "ಮೇಡಂ, ಬೇಗ ಬನ್ನಿ. ಅರ್ಬಾಬ್ ಬಂದಿದ್ದಾರೆ. ಒಳಗೆ ಕೂತಿದ್ದಾರೆ."

ನಮ್ಮ ಮನೆಯಿರುವ ಮಂಗಫ್‌ನಿಂದ ಶುವೈಖ್‌ಗೆ ಹೇಗೆ ಕಾರು ಓಡಿಸಿದೆನೋ ನೆನಪಿಲ್ಲ. ಹೋಗಿ ನೋಡಿದರೆ ಡೇರೆಯ ಪರದೆ ಇಳಿಬಿಟ್ಟಿತ್ತು. ಎಸಿಯ ಹಲಗೆ ಹೊಡೆದಂತೆಯೇ ಇತ್ತು. ಒಳಗೆ ಅರ್ಬಾಬ್ ತಲೆಯ ವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡು, ಸಾಧಾರಣ ಮಣೆಯೊಂದರ ಮೇಲೆ ಕೂತಿದ್ದರು. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಆಚಾರ್ರು ಎದುರಿಗೆ ನಿಂತು ಉಳಿ ಹೊಡೆಯುತ್ತಿದ್ದರು, ಅವರಿಗೆ ಬೇರೇನು ಮಾಡಬೇಕೆಂದು ತಿಳಿಯದೆ.

"ಅರೇ ಬೇಟಿ," ಎಂದರು ಅರ್ಬಾಬ್ ನನ್ನನ್ನು ನೋಡಿ, "ಯೇ ತೋ ಬಂಬಈ ಹೈ! ಮೇ ಮಹೀನೇ ಕಾ ಬಂಬಈ!" ಮೇ ತಿಂಗಳ ಬೊಂಬಾಯಿಯ ಸೆಖೆ ನೆನೆದು ನಗುತ್ತಿದ್ದರು. ಆಮೇಲೆ ಪ್ರತಿ ಶುಕ್ರವಾರ ಒಬ್ಬರೇ ಬಂದು, ಬೆವರುತ್ತ ಕೂತು, ಕೆಲಸ ನೋಡಿ ಹೋಗುತ್ತಿದ್ದರು. ಇಂಥ ಮಾಲೀಕರಿಗಾಗಿ ಕೆಲಸ ಮಾಡುತ್ತಿದ್ದೇನಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

ಕೊನೆಯ ಜಗಳ ದುಂಡು ತಲೆಯದು. ಕಂಬದ ತಲೆಗೂ ಅದನ್ನು ಹಿಡಿಯುವ ಬಳೆಗೂ ನಡುವೆ ಜಾಗ ಬಿಡಬೇಕು ಎಂದೆ. ಗೋಪುರದ ತೇವ ನಮ್ಮ ಡೇರೆಗಿಂತ ಸ್ವಲ್ಪ ಹೆಚ್ಚೇ. ಚಳಿಗಾಲದಲ್ಲಿ ಇನ್ನೂ ಹೆಚ್ಚು.

"ಎಷ್ಟು?"

"ಒಂದು ಫಿಲ್ಸ್ ನಾಣ್ಯ ಸಲೀಸಾಗಿ ಹೋಗುವಷ್ಟು."

"ನಾಣ್ಯಾ? ನನ್ನ ಕೂಡಿಕೆಯಲ್ಲಿ ನಾಣ್ಯ ಹೋದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳುದು? ಆ ಫ್ರಾನ್ಸಿನ ಬಡಗಿಗಳು ನೋಡಿ ನಗ್ಲಿಕ್ಕಾ? ಆಗುದಿಲ್ಲ ಮೇಡಂ, ನನ್ನಿಂದ ಆಗುದಿಲ್ಲ."

"ನಿಮ್ಮ ಅಪ್ಪ ಊರಲ್ಲಿ ಬೇಸಗೆಯಲ್ಲಿ ಬಾಗಿಲು ಮಾಡಿದ್ರೆ ಏನು ಮಾಡ್ತಿದ್ರು?"

ಅವರು ಉಳಿ ಕೆಳಗಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಬಹಳ ಹೊತ್ತು ಬಳೆಯೊಳಗೆ ಬೆರಳಾಡಿಸಿದರು. "ಅಡ್ಡಕ್ಕೆ ಒಂದು ಅಕ್ಕಿಕಾಳು ಬಿಡ್ತಿದ್ರು," ಎಂದರು ಕಡೆಗೆ. ಆ ದಿನವಿಡೀ ಬಳೆಯ ಒಳಮೈ ಕೆರೆದರು. ನಾಣ್ಯ ಹೋಯಿತು.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕಟ್ಟಿದೆವು. ಹಡಗಿನ ಕಂಟೇನರಿನ ಬಿಸಿಗೆ ಇಷ್ಟು ದಿನದ ಶ್ರಮ ಹಪ್ಪಳವಾಗುತ್ತಿತ್ತು. ವಿಮಾನದಲ್ಲೇ ಕಳಿಸಬೇಕೆಂದು ಅರ್ಬಾಬ್ ಹಟ ಹಿಡಿದರು. ಬಿಡಿಸಿದ ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಡುನಡುವೆ ಉಪ್ಪಿನ ಗಂಜಿಯ ಬಟ್ಟೆಚೀಲಗಳನ್ನು ಮರಕ್ಕೆ ತಾಗದಂತೆ ತೂಗುಹಾಕಿದೆವು. ಜೋಡಿಸಲು ಆಚಾರ್ರನ್ನೇ ಕಳಿಸುವುದೆಂದಾಯಿತು. ವೀಸಾ ಬಂತು. ಅರ್ಬಾಬ್ ಮೊದಲೇ ಅಲ್ಲಿಗೆ ಹೋಗಿದ್ದರು. ಹೊರಡುವ ದಿನ ಆಚಾರ್ರು ಹೊಸ ಜಾಕೆಟ್ ಹಾಕಿಕೊಂಡು ಬೆವರುತ್ತ ಬಂದು, "ಮೇಡಂ, ಅಲ್ಲಿ ಯಾರಾದ್ರೂ ಕೇಳಿದ್ರೆ ಉಪ್ಪಿನ ಐಡಿಯ ನಂದು ಅಂತ ಹೇಳ್ತೇನೆ, ಆಗ್ಬಹುದಾ?" ಎಂದರು.

"ಏಣಿ ತಿರುಗಿದ್ರೆ ನಿಮ್ಮದು. ತಿರುಗದಿದ್ರೂ ನಿಮ್ಮದೇ."

ಜೋಡಣೆ ಮುಗಿಯುವ ದಿನ ನಾನು ಆಫೀಸಿನಲ್ಲಿ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟುಕೊಂಡು ಕೂತಿದ್ದೆ. ಕರೆಯದೆಯೇ ಮುದೀರ್ ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ಪರದೆಯಲ್ಲಿ ಗೋಪುರದ ಒಳಗು. ಫೋಟೊದಲ್ಲಿ ಕಂಡದ್ದಕ್ಕಿಂತ ಗೂಡುಗಳು ಬಹಳ ಹೆಚ್ಚು ಎನಿಸಿತು. ಹೊರಗೆ ಮಳೆ ಸುರಿಯುವ ಸದ್ದು. ಮೂರು ದಿನದಿಂದ ಬಿಟ್ಟಿಲ್ಲ ಎಂದು ಆಚಾರ್ರು ಹೇಳಿದ್ದರು. ನಡುವೆ ನಮ್ಮ ಕಂಬ. ಎರಡು ತೋಳು. ಏಣಿ. ಪಕ್ಕದಲ್ಲಿ ಇಬ್ಬರು ಫ್ರೆಂಚ್ ಬಡಗಿಗಳು, ಕೋಟಿನೊಳಗೆ ಮುದುಡಿ ನಿಂತ ಅರ್ಬಾಬ್, ಸಣ್ಣಗೆ ಬೆಳ್ಳಗಿದ್ದ ಆರ್ಕಿಟೆಕ್ಟ್.

ಆ ಆರ್ಕಿಟೆಕ್ಟ್ ಮೊದಲು ಬ್ಯಾಟರಿ ಹಿಡಿದು ಬಿರುಕು ನೋಡಿದರು. ಉಗುರಿನಿಂದ ಕೆರೆದರು. ಮೀಟರ್ ಚುಚ್ಚಿ ಓದಿ ತಲೆಯಾಡಿಸಿದರು. ಕಂಬಕ್ಕೆ ಒರಗಿಸಿದ ಬೇರೊಂದು ಏಣಿ ಹತ್ತಿ, ಕಂಬದ ತಲೆಯ ಬಳೆಯೊಳಗೆ ಅಳತೆಪಟ್ಟಿ ತೂರಿಸಿದರು. ಇಳಿದು ಬಂದು ಒಂದು ಬೆರಳಿನಿಂದ ತೋಳನ್ನು ತಳ್ಳಿದರು.

ತಿರುಗಲಿಲ್ಲ.

ಅಂಗೈಯಿಂದ ತಳ್ಳಿದರು. ಕಂಬ ಒಂದು ಬೆರಳಗಲ ಸರಿದು ಗಕ್ಕನೆ ನಿಂತಿತು. ಮುದೀರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ ಸದ್ದು ಕೇಳಿತು. ಬಳೆ ಊದಿತೇ? ನಾಣ್ಯದಷ್ಟು ಸಾಲದಾಯಿತೇ? ಆಚಾರ್ರು ಕಂಬದ ತಲೆ ನೋಡಿದರು, ತೋಳು ನೋಡಿದರು, ಆಮೇಲೆ ನೆಲಕ್ಕೆ ಬಗ್ಗಿದರು. ಮರುಕ್ಷಣ ಗೋಪುರವೇ ಬೆಚ್ಚಿಬೀಳುವ ಹಾಗೆ ತುಳುವಿನಲ್ಲಿ ಬೈಗುಳ ಸುರಿಯಿತು. ಜೋಡಿಸುವಾಗ ಕಂಬ ಅಲುಗದಿರಲೆಂದು ಬುಡದಲ್ಲಿ ಕೊಟ್ಟಿದ್ದ ಬೆಣೆಯನ್ನು ತೆಗೆಯಲು ಎಲ್ಲರೂ ಮರೆತಿದ್ದರು. ಫ್ರೆಂಚ್ ಬಡಗಿಯೊಬ್ಬ ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಬೆಣೆ ಹಾರಿ ಗೋಡೆಗೆ ಬಡಿಯಿತು.

ಈ ಸಲ ಆರ್ಕಿಟೆಕ್ಟ್ ತಳ್ಳಲಿಲ್ಲ. ಅರ್ಬಾಬ್‌ರತ್ತ ಕೈ ತೋರಿಸಿದರು.

ಅರ್ಬಾಬ್ ಬಂದು ಒಂದೇ ಬೆರಳು ಇಟ್ಟರು. ಏಣಿ ಹೊರಟಿತು. ಉಬ್ಬಿದ ಗೋಡೆಯ ಹತ್ತಿರ ಬಂತು, ತಾಗಲಿಲ್ಲ, ದಾಟಿತು. ಬಾಗಿಲ ಮುಂದೆ ಹಾದು, ಸಾಲು ಸಾಲು ಗೂಡುಗಳ ಮುಂದೆ ಹಾದು, ಒಂದು ಸುತ್ತು ಮುಗಿಸಿ ನಿಲ್ಲದೆ ಎರಡನೆಯ ಸುತ್ತಿಗೆ ಹೋಯಿತು. ಕಂಬದ ಬುಡದಲ್ಲಿ ಕಬ್ಬಿಣ ಕಲ್ಲಿನ ಮೇಲೆ ಜಾರುವ ಸಣ್ಣ ಸದ್ದು ಅಷ್ಟೇ. ಅರ್ಬಾಬ್ ಬೆರಳು ತೆಗೆದು ಬಹಳ ಹೊತ್ತಾಗಿತ್ತು. ಆಚಾರ್ರು ಫೋನನ್ನು ಮುಖದ ಹತ್ತಿರ ತಂದುಕೊಂಡು, ಕಣ್ಣು ಒರೆಸಿಕೊಳ್ಳುತ್ತ ಕಿರುಚಿದರು: "ಮೇಡಂ! ತಿರುಗ್ತಾ ಉಂಟು ಮೇಡಂ! ನೋಡ್ತಿದ್ದೀರಾ? ಇನ್ನೂ ತಿರುಗ್ತಾನೇ ಉಂಟು!"

ನನಗೂ ಅಳು ಬಂತು, ಮುಚ್ಚಿಡಲು ಹೋಗಲಿಲ್ಲ. ಆರ್ಕಿಟೆಕ್ಟ್ ಹಿಂದಿನಿಂದ ಇಂಗ್ಲಿಷಿನಲ್ಲಿ, ಈ ಜಿಲ್ಲೆಯಲ್ಲಿ ಏಣಿಯಿಲ್ಲದ ಗೋಪುರಗಳು ಇನ್ನೂ ಇವೆ ಎಂದು ಹೇಳುತ್ತಿದ್ದರು. ಮುದೀರ್ ಎದ್ದು ನಿಂತರು. ಕಿಟಕಿಯ ಬಳಿ ಹೋಗಿ ಸ್ವಲ್ಪ ಹೊತ್ತು ಶೆಡ್ಡಿನತ್ತ ನೋಡಿ, ಹಿಂದೆ ತಿರುಗದೆಯೇ ಹೇಳಿದರು: "ಮಂದೂಬ್‌ಗೆ ಹೇಳಿ. ಐದೂ ಜನರ ಇಕಾಮಾ ನವೀಕರಿಸಲಿ." ಮಂದೂಬ್ ಎಂದರೆ ಕಂಪನಿಯ ಸರ್ಕಾರಿ ಓಡಾಟ ನೋಡಿಕೊಳ್ಳುವವನು. ಅವನಿಗೆ ಆಮೇಲೆ ಹೇಳಿದರಾಯಿತು ಎಂದು ನಾನು ಮೆಟ್ಟಿಲಿಳಿದು ಓಡಿದೆ.

ಮರದ ವಿಭಾಗದಲ್ಲಿ ನಾಲ್ವರೂ ಕೆಲಸ ಮಾಡುವ ನಟನೆಯನ್ನೂ ಬಿಟ್ಟು ನಿಂತಿದ್ದರು. ಏನೇನೋ ಹೇಳಬೇಕೆಂದು ಬಂದವಳಿಗೆ ಏದುಸಿರಿನಲ್ಲಿ ಒಂದೇ ಮಾತು ಬಂತು, ತಿರುಗಿತು ಎಂದು.

"ಘೂಮ್ ಗಯಾ."

ಅವರಲ್ಲಿ ಹಿರಿಯವನು, ಕೇರಳದ ಬಡಗಿ, ಒಂದು ಹೆಜ್ಜೆ ಮುಂದೆ ಬಂದು ಕೇಳಿದ. "ಔರ್ ಇಕಾಮಾ, ಮೇಡಂ?"

"ಸಬ್ ಕಾ. ಪಾಂಚೋಂ ಕಾ." ಐವರದ್ದೂ ಎಂದೆ.

ಅವರು ಕುಣಿಯಲಿಲ್ಲ, ಕೂಗಲಿಲ್ಲ. ಒಬ್ಬ ಹೋಗಿ ಗರಗಸದ ಯಂತ್ರದ ಗುಂಡಿ ಒತ್ತಿದ. ಅದರ ಮೇಲೆ ಮರವೇ ಇರಲಿಲ್ಲ. ಇನ್ನೊಬ್ಬ ಮರ ನುಣುಪು ಮಾಡುವ ತೋಪಡಾ ಯಂತ್ರ ಹಾಕಿದ. ಮತ್ತೊಬ್ಬ ಡ್ರಿಲ್, ಹಿರಿಯವನು ಧೂಳು ಎಳೆಯುವ ದೊಡ್ಡ ಫ್ಯಾನು. ಖಾಲಿ ಯಂತ್ರಗಳೆಲ್ಲ ಒಟ್ಟಿಗೆ ಮೊರೆದವು. ಅಲ್ಯೂಮಿನಿಯಂ ಹುಡುಗರು ಏನಾಯಿತೆಂದು ಓಡಿ ಬಂದರು. ಮೇಲೆ ಆಫೀಸಿನ ಕಿಟಕಿಯಲ್ಲಿ ಮುದೀರ್ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ನಿಲ್ಲಿಸಿ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.